ಕೀಲುವಾತ, ಒಣಗಿದ ಕಣ್ಣು, ಕೂಡುವಾಗಿನ ಉರಿ: ಹೇಳಿಕೊಳ್ಳಲಾಗದ ನೋವಿಗೆ ಒಂದು ಉತ್ತರ

ಪ್ರಶ್ನೆ: ಮೇಡಂ, ನನಗೆ 36 ವರ್ಷ, ದಾವಣಗೆರೆ ಕಡೆಯವಳು. ಒಬ್ಬಳು ಮಗಳು, 7 ವರ್ಷ. ಬಾಣಂತನ ಮುಗಿಸಿ ಗಂಡನ ಮನೆಗೆ ಬಂದ ಹೊಸದರಲ್ಲೇ ಬೆರಳಿನ ಗೆಣ್ಣುಗಳು ಬಾತುಕೊಂಡವು. ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುವಾತ ಅಂದರು. ಅಂದಿನಿಂದ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ಜೊತೆಗೆ ಫೋಲಿಕ್ ಆಸಿಡ್, ದಿನಾ ಹೈಡ್ರಾಕ್ಸಿಕ್ಲೋರೋಕ್ವಿನ್, 5 ಮಿಲಿಗ್ರಾಂ ಸ್ಟೀರಾಯ್ಡ್. ರಾತ್ರಿ ನೋವಿಗೂ ನಿದ್ದೆಗೂ ಅಂತ ಅಮಿಟ್ರಿಪ್ಟಿಲಿನ್. ಎರಡು ವರ್ಷದಿಂದ ಕಣ್ಣಲ್ಲಿ ಮರಳು ಬಿದ್ದ ಹಾಗಿರುತ್ತದೆ. ನೀರಿಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಹೇಳಲು ನಾಚಿಕೆ, ಕೂಡುವಾಗ ಒಳಗೆ ಪಸೆಯೇ ಇರುವುದಿಲ್ಲ, ಚಾಕುವಿನಿಂದ ಗೀರಿದಂತಾಗುತ್ತದೆ, ಎರಡು ದಿನ ಉರಿ. ಒಂದೆರಡು ಸಲ ರಕ್ತದ ಕಲೆಯೂ ಕಂಡಿತು. ಇಲ್ಲಿನ ಡಾಕ್ಟರ್ ಇನ್‌ಫೆಕ್ಷನ್ ಅಂತ ಮೂರು ಸಲ ಒಳಗೆ ಇಡುವ ಮಾತ್ರೆ ಕೊಟ್ಟರು. ದಿನಾ ಆಂಟಿಸೆಪ್ಟಿಕ್ ಹಾಕಿ ತೊಳೆಯುತ್ತೇನೆ, ಕಡಿಮೆಯಾಗಿಲ್ಲ. ನಮ್ಮ ಮನೆಯವರು ಒಳ್ಳೆಯವರೇ. ಆದರೆ ನಾನು ದೂರ ಸರಿದರೆ ಮನಸ್ಸಿಲ್ಲ ಅಂದುಕೊಳ್ಳುತ್ತಾರೆ. ತಮಗೂ ಈ ಕಾಯಿಲೆ ಅಂಟೀತೇನೋ ಎಂಬ ಅಳುಕೂ ಅವರಿಗಿದೆ. ತಿಂಗಳಿಗೊಮ್ಮೆ ಹಲ್ಲು ಕಚ್ಚಿ ಸಹಿಸಿಕೊಳ್ಳುತ್ತೇನೆ. ಇರುವುದೇ ಅಪರೂಪ ಅಂತ ಬೇರೆ ಏನೂ ಬಳಸುವುದಿಲ್ಲ, ಅವರೇ ಹುಷಾರಾಗಿ ಹೊರಗೆ ಬಿಡುತ್ತಾರೆ. ಅತ್ತೆಯವರು ಇನ್ನೊಂದು ಮಗುವಾದರೆ ವಾತವೆಲ್ಲ ಹೋಗುತ್ತದೆ ಅನ್ನುತ್ತಾರೆ. ನಾನೇನು ಮಾಡಲಿ?

ಉತ್ತರ: ಹೀಗೆ ಬಿಡಿಸಿ ಬರೆದಿದ್ದಕ್ಕೆ ಮೊದಲು ಧನ್ಯವಾದ. ಸ್ತ್ರೀರೋಗ ತಜ್ಞೆಯಾಗಿ ನನ್ನ ಮುಂದೆ ಕೂತ ಹೆಂಗಸರು ಇದರಲ್ಲಿ ಕಾಲುಭಾಗ ಹೇಳಲೂ ನಾಲ್ಕು ಭೇಟಿ ತೆಗೆದುಕೊಳ್ಳುತ್ತಾರೆ. ನೀವು ಕಣ್ಣು, ಬಾಯಿ, ಒಳಗಿನ ಒಣಗುವಿಕೆ ಮೂರನ್ನೂ ಒಂದೇ ಪತ್ರದಲ್ಲಿ ಬರೆದಿರುವುದರಿಂದ ನನ್ನ ಕೆಲಸ ಅರ್ಧ ಮುಗಿದಿದೆ.

ನೀವು ಕೇಳದೇ ಇರುವ ಒಂದು ವಿಷಯದಿಂದ ಶುರುಮಾಡುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ರೋಗನಿರೋಧಕ ಶಕ್ತಿ ತಗ್ಗಿಸಿ ಕೀಲುವಾತವನ್ನು ಹಿಡಿತದಲ್ಲಿಡುವ ಮೆಥೋಟ್ರೆಕ್ಸೇಟ್ ನುಂಗುವ ಹೆಂಗಸು ಗಟ್ಟಿಯಾದ ಗರ್ಭನಿರೋಧಕ ಇಲ್ಲದೆ ಇರಬಾರದು. ಈ ಮಾತ್ರೆ ಗರ್ಭಪಾತ ಮಾಡಿಸಬಲ್ಲದು. ಗರ್ಭ ಉಳಿದರೆ ಮಗುವಿನ ತಲೆಬುರುಡೆ, ಮುಖ, ಕೈಕಾಲುಗಳಲ್ಲಿ ಊನ ತರಬಲ್ಲದು. ಹೊರಗೆ ಬಿಡುವ ಪದ್ಧತಿಯನ್ನು ನಂಬಿ ಗರ್ಭಿಣಿಯಾದವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ವೀರ್ಯ ಹೊರಬೀಳುವ ಮೊದಲೇ ಜಿನುಗುವ ದ್ರವದಲ್ಲೂ ವೀರ್ಯಾಣು ಇರಬಹುದು, ಕೊನೆಯ ಗಳಿಗೆಯ ಹಿಡಿತವೂ ಪ್ರತಿಸಲ ಒಂದೇ ತೆರ ಇರುವುದಿಲ್ಲ. ತಿಂಗಳಿಗೆ ಒಂದೇ ಸಲ ಎನ್ನುವುದೂ ರಕ್ಷಣೆಯಲ್ಲ. ಆ ಒಂದು ಸಲ ಯಾವ ದಿನ ಎಂಬುದಷ್ಟೇ ಲೆಕ್ಕ. ಈ ಪತ್ರ ಓದುವ ಹೊತ್ತಿಗೆ ಮುಟ್ಟು ತಡವಾಗಿದ್ದರೆ ಇವತ್ತೇ ಮೂತ್ರ ಪರೀಕ್ಷೆ ಮಾಡಿ. ಗರ್ಭ ಎಂದು ಬಂದರೆ ಮೆಥೋಟ್ರೆಕ್ಸೇಟ್ ಅಲ್ಲಿಗೇ ನಿಲ್ಲಿಸಿ, ಫೋಲಿಕ್ ಆಸಿಡ್ ಬಿಡದೆ, ವೈದ್ಯರ ಬಳಿ ಹೋಗಿ. ಹೆದರಿ ಮೆಡಿಕಲ್ ಶಾಪಿನಿಂದ ಗರ್ಭಪಾತದ ಮಾತ್ರೆ ತಂದು ನುಂಗಬೇಡಿ. ಮುಂದೆ ಎಂದಾದರೂ ಎಡವಟ್ಟಾದರೆ 72 ಗಂಟೆಯೊಳಗೆ ತೆಗೆದುಕೊಳ್ಳುವ ತುರ್ತು ಮಾತ್ರೆ ನಿಮಗೂ ಸಲ್ಲುತ್ತದೆ. ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು.

ನಿಮ್ಮ ಸ್ಥಿತಿಗೆ ನನಗೆ ಹೆಚ್ಚು ಒಪ್ಪುವುದು ವಂಕಿ, ಅಂದರೆ ಕಾಪರ್ ಟಿ. 380ಎ ಎಂಬ ಬಗೆ 10 ವರ್ಷ ಕೆಲಸ ಮಾಡುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಹಾಕುತ್ತಾರೆ, ಮಗು ಬೇಕೆನಿಸಿದಾಗ ತೆಗೆಸಬಹುದು. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಿನ್ನುವವರಿಗೆ ವಂಕಿಯಿಂದ ಸೋಂಕಾಗುತ್ತದೆ ಎಂದು ಹಿಂದೆ ಹೆದರುತ್ತಿದ್ದರು. ಈಗ ಕೀಲುರೋಗ ತಜ್ಞರ ಮಾರ್ಗಸೂಚಿಗಳೇ ಇದನ್ನು ಒಪ್ಪಿವೆ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವವರಿಗೆ ಹಾರ್ಮೋನ್ ಇರುವ ವಂಕಿ ಮೇಲು. ಅದು ದುಬಾರಿ, ಆದರೆ ರಕ್ತಸ್ರಾವ ತಗ್ಗಿಸುತ್ತದೆ. ದಿನಾ ನುಂಗುವ ಸಾಮಾನ್ಯ ಗರ್ಭನಿರೋಧಕ ಮಾತ್ರೆಯಲ್ಲಿ ಈಸ್ಟ್ರೋಜನ್ ಇರುತ್ತದೆ. ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳು ಯಾರ ರಕ್ತದಲ್ಲಿವೆಯೋ ಅವರು ಅದನ್ನು ಮುಟ್ಟಲೇಬಾರದು. ಲೂಪಸ್ ಎಂಬ, ಕೀಲುವಾತದ ಹಾಗೆಯೇ ದೇಹ ತನ್ನ ಮೇಲೇ ತಿರುಗಿಬೀಳುವ ರೋಗ ಇರುವವರಲ್ಲಿ ಇವು ಹೆಚ್ಚಾಗಿ ಕಾಣುತ್ತವೆ. ಹಾಗಾಗಿ ಪಕ್ಕದ ಮನೆಯವರಿಗೆ ಒಗ್ಗಿದ ಮಾತ್ರೆ ನಿಮಗೆ ಒಗ್ಗಬೇಕಿಲ್ಲ, ಕೇಳಿಕೊಂಡೇ ತೆಗೆದುಕೊಳ್ಳಿ. ಒಂದು ಎಚ್ಚರ: ನಿಮಗೆ ರಕ್ತದ ಕಲೆ ಏಕೆ ಕಂಡಿತು ಎಂಬುದು ಗೊತ್ತಾದ ಮೇಲೆಯೇ ವಂಕಿ. ಅಲ್ಲಿಯವರೆಗೆ ಪ್ರತಿಸಲವೂ ನಿರೋಧ್.

ಇನ್ನು ನಿಮ್ಮ ನೋವು.

ನಿಮ್ಮ ಮನೆಯವರ ಒಂದು ಸಂಶಯ ಮೊದಲು ಕಳೆಯೋಣ. ಈ ಕಾಯಿಲೆ ಅಂಟುವುದಿಲ್ಲ. ಮುತ್ತಿನಿಂದಾಗಲಿ ಕೂಡುವುದರಿಂದಾಗಲಿ ಎಂಜಲಿನಿಂದಾಗಲಿ ಯಾರಿಗೂ ಬರುವುದಿಲ್ಲ. ಕಾಯುವ ಪಡೆಯೇ ತಿರುಗಿ ತನ್ನ ಮನೆಯವರ ಮೇಲೆ ಕೈಮಾಡಿದಂಥ ರೋಗವಿದು, ಹೊರಗಿನಿಂದ ಬಂದ ಕ್ರಿಮಿಯಲ್ಲ. ಕೂಡಿದರೆ ಶಕ್ತಿ ಸೋರಿ ಕೀಲುನೋವು ಹೆಚ್ಚುತ್ತದೆ ಎಂಬ ಮಾತೂ ನಿಜವಲ್ಲ. ನಂಜಿನ ಪದಾರ್ಥ ತಿಂದಿದ್ದಕ್ಕೆ, ದೇಹಕ್ಕೆ ಉಷ್ಣವಾದದ್ದಕ್ಕೆ ಒಳಗೆ ಒಣಗುತ್ತದೆ ಎನ್ನುವುದಕ್ಕೂ ಆಧಾರವಿಲ್ಲ.

ಹಾಗಾದರೆ ಒಣಗಿದ್ದೇಕೆ? ನನ್ನ ಅಂದಾಜು, ನಿಮಗೆ ಕೀಲುವಾತದ ಜೊತೆ ಷೋಗ್ರೆನ್ ಸಿಂಡ್ರೋಮ್ ಸೇರಿಕೊಂಡಿದೆ. 1933ರಲ್ಲಿ ಹೆನ್ರಿಕ್ ಷೋಗ್ರೆನ್ ಎಂಬ ಸ್ವೀಡನ್ನಿನ ಕಣ್ಣಿನ ವೈದ್ಯರು 19 ಹೆಂಗಸರ ಒಣಗಿದ ಕಣ್ಣು, ಬಾಯಿಗಳನ್ನು ವಿವರವಾಗಿ ದಾಖಲಿಸಿದರು, ಹೆಸರು ಅವರದೇ ಉಳಿಯಿತು. ಇದು ಬರುವ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಹೆಂಗಸರು. ರೋಗನಿರೋಧಕ ಕಣಗಳು ಕಣ್ಣೀರಿನ ಗ್ರಂಥಿ, ಜೊಲ್ಲಿನ ಗ್ರಂಥಿಗಳಿಗೆ ನುಗ್ಗಿ ಅವನ್ನು ಬತ್ತಿಸುತ್ತವೆ. ಯೋನಿಯ ಕಥೆ ಸ್ವಲ್ಪ ಬೇರೆ. ಅದರ ಒಳಗೋಡೆಯಲ್ಲಿ ಗ್ರಂಥಿಗಳೇ ಇಲ್ಲ. ಆಸೆ ಕೆರಳಿದಾಗ ಗೋಡೆಯ ರಕ್ತನಾಳಗಳು ತುಂಬಿಕೊಂಡು, ಅಲ್ಲಿಂದ ನೀರು ಗೋಡೆಯ ಮೂಲಕ ಜಿನುಗುತ್ತದೆ, ಹೊಸ ಮಡಕೆಯ ಮೈಯಲ್ಲಿ ನೀರೊಸರಿದ ಹಾಗೆ. ಷೋಗ್ರೆನ್ ಇರುವವರಲ್ಲಿ ಈ ಒಸರುವಿಕೆ ಕುಗ್ಗುತ್ತದೆ. ಮುಟ್ಟು ನಿಂತವರಿಗೆ, ಹಾಲೂಡಿಸುತ್ತಿರುವವರಿಗೆ ಈಸ್ಟ್ರೋಜನ್ ಕಡಿಮೆಯಾಗಿ ಒಣಗುವುದು ಮಾಮೂಲಿ. ನಿಮಗೆ ಮುಟ್ಟು ಕ್ರಮವಾಗಿದ್ದೂ ಹೀಗಾಗಿದೆ ಎಂದರೆ ಕಾರಣ ಬೇರೆಡೆ ಹುಡುಕಬೇಕು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಹೆಂಡತಿ ಒಳಗೆ ಒಣಗಿದ್ದರೆ ಅವಳಿಗೆ ಮನಸ್ಸಿಲ್ಲ ಎಂದು ಗಂಡಂದಿರು ತಿಳಿಯುತ್ತಾರೆ. ಹೆಂಡತಿಯೂ ಹಾಗೇ ತಿಳಿದು ತನ್ನನ್ನೇ ಹಳಿದುಕೊಳ್ಳುತ್ತಾಳೆ. ಕೆಲವು ವರ್ಷಗಳ ಹಿಂದೆ ನಿಮ್ಮದೇ ವಯಸ್ಸಿನ ಒಬ್ಬರು ಗಂಡನ ಜೊತೆ ಬಂದಿದ್ದರು. ಮಾತು ಮಾತಿಗೆ ಜಗಳ. ನಾನು ಅವರನ್ನು ಕಣ್ಣಿನ ವಿಭಾಗಕ್ಕೆ ಕಳಿಸಿ ಷಿರ್ಮರ್ ಪರೀಕ್ಷೆ ಮಾಡಿಸಿದೆ. ಕೆಳರೆಪ್ಪೆಯ ಒಳಗೆ ಒಂದು ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. ಪಟ್ಟಿ ಎಷ್ಟು ಮಿಲಿಮೀಟರ್ ಒದ್ದೆಯಾಯಿತು ಎಂದು ಅಳೆಯುತ್ತಾರೆ, 5ಕ್ಕಿಂತ ಕಡಿಮೆಯಾದರೆ ಕಣ್ಣೀರು ಬತ್ತಿದೆ ಎಂದರ್ಥ. ಅವರ ಪಟ್ಟಿ ತುದಿಯಲ್ಲಷ್ಟೇ ನೆನೆದಿತ್ತು. ಗಂಡ ಅದನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ಇವಳು ಅತ್ತಾಗ ಕಣ್ಣಲ್ಲಿ ನೀರು ಬರ್ತಿರಲಿಲ್ಲ ಡಾಕ್ಟರೇ, ನಾನು ನಾಟಕ ಅಂದ್ಕೊಂಡಿದ್ದೆ" ಅಂದರು. ನಿಮ್ಮ ಮನೆಯವರನ್ನೂ ಒಮ್ಮೆ ಜೊತೆಗೆ ಕರೆದುಕೊಂಡು ಹೋಗಿ. ನೀವು ಹತ್ತು ಸಲ ಹೇಳಿದ್ದನ್ನು ಆ ಕಾಗದದ ಪಟ್ಟಿ ಒಂದೇ ಸಲಕ್ಕೆ ಹೇಳೀತು.

ಇದರ ಜೊತೆ ಷೋಗ್ರೆನ್‌ನಲ್ಲಿ ಹೆಚ್ಚಾಗಿ ಕಾಣುವ ಪ್ರತಿಕಾಯಗಳನ್ನು ಹುಡುಕುವ ಆಂಟಿ ರೋ, ಆಂಟಿ ಲಾ ಎಂಬ ರಕ್ತಪರೀಕ್ಷೆಗಳನ್ನು ನಿಮ್ಮ ಕೀಲುರೋಗ ತಜ್ಞರು ಬರೆದುಕೊಡುತ್ತಾರೆ. ಥೈರಾಯ್ಡ್, ಹಿಮೋಗ್ಲೋಬಿನ್ ಕೂಡ ನೋಡಿಸಿ. ದೇಹ ಹೀಗೆ ತನ್ನ ಮೇಲೇ ತಿರುಗಿಬೀಳುವ ಒಂದು ಸ್ವಯಂನಿರೋಧಕ ರೋಗವಿದ್ದಲ್ಲಿ ಥೈರಾಯ್ಡ್ ಕೆಡುವುದು ಸಾಮಾನ್ಯ, ಸುಸ್ತು, ನಿರಾಸಕ್ತಿ ಎರಡಕ್ಕೂ ಅದು ಕಾರಣವಾಗಬಹುದು. ರಾತ್ರಿ ನುಂಗುವ ಅಮಿಟ್ರಿಪ್ಟಿಲಿನ್ ಬಗ್ಗೆಯೂ ಕೇಳಿ. ನೋವಿಗೆ ಒಳ್ಳೆಯ ಔಷಧಿ, ಆದರೆ ದೇಹದ ಪಸೆಯನ್ನೆಲ್ಲ ಆರಿಸುತ್ತದೆ, ಮೊದಲೇ ಒಣಗಿದವರಿಗೆ ಇನ್ನಷ್ಟು. ಬದಲಿ ಇದೆ. ಖಿನ್ನತೆಗೆ ಕೊಡುವ ಸರ್ಟ್ರಾಲಿನ್, ಎಸಿಟಲೋಪ್ರಾಮ್‌ನಂಥ ಮಾತ್ರೆಗಳು ಕೆಲವರಲ್ಲಿ ಆಸೆಯನ್ನೇ ತಗ್ಗಿಸುತ್ತವೆ, ಬದಲಿ ಕೇಳುವಾಗ ಅದೂ ನೆನಪಿರಲಿ. ಗರ್ಭ ಎಂದು ಬಂದಾಗ ಮೆಥೋಟ್ರೆಕ್ಸೇಟ್ ನಿಲ್ಲಿಸುವುದೊಂದನ್ನು ಬಿಟ್ಟರೆ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ, ಸ್ಟೀರಾಯ್ಡನ್ನಂತೂ ಖಂಡಿತ ಬೇಡ.

ಮೂರು ಸಲ ಇನ್‌ಫೆಕ್ಷನ್ ಮಾತ್ರೆ ಕೊಟ್ಟರು ಎಂದಿರಿ. ಸ್ಟೀರಾಯ್ಡ್ ತಿನ್ನುವವರಿಗೆ ಶಿಲೀಂಧ್ರದ ಸೋಂಕು ಆಗುವುದುಂಟು. ಆಗ ತುರಿಕೆ ಜೋರಾಗಿರುತ್ತದೆ, ಬಿಳಿಸೆರಗು ಮೊಸರು ಒಡೆದ ಹಾಗೆ ಬರುತ್ತದೆ. ನೀವು ಅವೆರಡನ್ನೂ ಬರೆದಿಲ್ಲ. ಪರೀಕ್ಷೆ ಮಾಡದೆ ಪದೇ ಪದೇ ಇಟ್ಟ ಮಾತ್ರೆ ಒಣಗಿದ ಜಾಗವನ್ನು ಇನ್ನಷ್ಟು ಕೆರಳಿಸುತ್ತದೆ. ಆಂಟಿಸೆಪ್ಟಿಕ್ ಅದಕ್ಕಿಂತ ಕೆಟ್ಟದ್ದು. ಇವತ್ತಿನಿಂದಲೇ ಬಿಡಿ. ಸೋಪು, ಪರಿಮಳದ ವಾಶ್ ಯಾವುದೂ ಬೇಡ. ಬರೀ ನೀರು, ಅದೂ ಹೊರಭಾಗಕ್ಕೆ ಮಾತ್ರ. ಒಳಗಿನ ಭಾಗ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ. ಇದೊಂದನ್ನು ಬಿಟ್ಟು ಮೂರೇ ವಾರಕ್ಕೆ ಉರಿ ಅರ್ಧ ಇಳಿದವರಿದ್ದಾರೆ.

ರಕ್ತದ ಕಲೆ ಕಂಡ ಮೇಲೆ ಒಳಪರೀಕ್ಷೆ ಆಗಲೇಬೇಕು. ಬಹುಮಟ್ಟಿಗೆ ಅದು ಒಣಗಿದ ಚರ್ಮ ಬಿರಿದದ್ದೇ ಇರಬಹುದು, ಆದರೆ ಊಹೆಯ ಮೇಲೆ ಬಿಡುವ ವಿಷಯವಲ್ಲ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯಲ್ಲಿರುವವರಿಗೆ ಎಚ್‌ಪಿವಿ ವೈರಸ್ಸನ್ನು ಹೊರಹಾಕುವುದು ಕಷ್ಟ, ಗರ್ಭಕಂಠದ ಕ್ಯಾನ್ಸರಿಗೆ ಅದೇ ಮೂಲ. ಗರ್ಭಕಂಠದ ಜೀವಕೋಶ ತೆಗೆದು ನೋಡುವ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ ಮಾಡಿಸಿ. ಒಣಗಿದ್ದರಿಂದ ನೋವಾಗುತ್ತದೆ, ಸಣ್ಣ ಸ್ಪೆಕ್ಯುಲಂ (ಒಳಗೆ ನೋಡಲು ಯೋನಿಯನ್ನು ಅಗಲಿಸುವ ಉಪಕರಣ) ಬಳಸಿ ಎಂದು ಮೊದಲೇ ಹೇಳಿ, ಹಾಗೆ ಕೇಳುವ ಹಕ್ಕು ನಿಮಗಿದೆ. ಹೊರತುಟಿಗಳ ಚರ್ಮ ಬೆಳ್ಳಗೆ, ತೆಳ್ಳಗೆ, ಸುಕ್ಕಾಗಿ ಕಂಡರೆ ಲೈಕನ್ ಸ್ಕ್ಲೆರೋಸಸ್ ಎಂಬ ಇನ್ನೊಂದು ತೊಂದರೆ ಇರಬಹುದು. ಅದಕ್ಕೆ ಹಚ್ಚುವ ಸ್ಟೀರಾಯ್ಡ್ ಮುಲಾಮು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕಣ್ಣಿಂದ ನೋಡದೆ ಯಾರೂ ಬರೆದುಕೊಡಬಾರದು. ಅಂದಹಾಗೆ ನಿಮ್ಮ ಮಗಳಿಗೆ 9 ತುಂಬಿದ ಮೇಲೆ ಎಚ್‌ಪಿವಿ ಲಸಿಕೆ ಹಾಕಿಸಿ.

ಪಸೆಗೆ ಎರಡು ಬಗೆಯ ವಸ್ತುಗಳಿವೆ, ಜನ ಒಂದನ್ನೇ ಇನ್ನೊಂದು ಎಂದುಕೊಳ್ಳುತ್ತಾರೆ. ಯೋನಿಯ ಮಾಯಿಶ್ಚರೈಸರ್ ಎನ್ನುವುದು ಕೂಡಲಿ ಬಿಡಲಿ, ವಾರಕ್ಕೆ ಎರಡು ಮೂರು ರಾತ್ರಿ ಒಳಗೆ ಹಚ್ಚಿಕೊಳ್ಳುವಂಥದ್ದು. ಹೈಲುರಾನಿಕ್ ಆಸಿಡ್ ಇರುವಂಥವು ಸಿಗುತ್ತವೆ, ಅಂಗೈ ಬಿರಿದವರು ಕ್ರೀಮು ಹಚ್ಚಿದ ಹಾಗೆ. ಲೂಬ್ರಿಕೆಂಟ್ ಜೆಲ್ಲಿ ಆ ಹೊತ್ತಿಗೆ ಮಾತ್ರ. ನಿಮಗೆ ಎರಡೂ ಬೇಕು. ಜೆಲ್ಲಿಯನ್ನು ನಿಮಗೂ ಅವರಿಗೂ ಧಾರಾಳವಾಗಿ ಹಚ್ಚಿ, ನಡುವೆ ಒಣಗಿದರೆ ಮತ್ತೆ ಹಚ್ಚಿ. ನೀರಿನ ಮೂಲದ್ದು ನಿರೋಧ್ ಜೊತೆ ಹೊಂದುತ್ತದೆ, ಬೇಗ ಆರುತ್ತದೆ. ಸಿಲಿಕೋನ್ ಮೂಲದ್ದು ಬಹಳ ಹೊತ್ತು ಇರುತ್ತದೆ, ಅದೂ ನಿರೋಧ್‌ಗೆ ಹೊಂದುತ್ತದೆ. ಕೊಬ್ಬರಿ ಎಣ್ಣೆ ಹಚ್ಚಬಹುದೇ ಎಂದು ಬಹಳ ಜನ ಕೇಳುತ್ತಾರೆ. ಕೆಲವರಿಗೆ ಹಿತವಾಗುತ್ತದೆ, ಆದರೆ ಎಣ್ಣೆ ತಾಗಿದ ನಿರೋಧ್ ಹರಿಯುತ್ತದೆ. ನೀವು ಮೆಥೋಟ್ರೆಕ್ಸೇಟ್‌ನಲ್ಲಿ ಇರುವುದರಿಂದ ಬೇಡವೇ ಬೇಡ. ಬಿಸಿ ತರುವ, ಪರಿಮಳದ ಜೆಲ್ಲಿಗಳೂ ಬೇಡ. ಮರಗಟ್ಟಿಸುವ ಲಿಗ್ನೋಕೇನ್ ಜೆಲ್ಲಿಯನ್ನು ಇದಕ್ಕೆಂದು ಕೊಟ್ಟರೆ ವಾಪಸ್ ಕೊಡಿ. ನೋವು ಕಾಣದಂತಾದಾಗ ಚರ್ಮ ಹರಿದದ್ದೂ ತಿಳಿಯುವುದಿಲ್ಲ. ಮುಟ್ಟು ನಿಂತವರಿಗೆ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮು ಬಹಳ ಗುಣ ಕೊಡುತ್ತದೆ, ರಕ್ತಕ್ಕೆ ಸೇರುವುದು ತೀರಾ ಅಲ್ಪ. ನಿಮಗೆ ಈಗ ಅದು ಮೊದಲ ಆಯ್ಕೆಯಲ್ಲ.

ಆದರೆ ಬರೀ ಜೆಲ್ಲಿಯಿಂದ ಎಲ್ಲವೂ ಸರಿಯಾಗುತ್ತದೆ ಎಂದು ನಾನು ಹೇಳಲಾರೆ, ಏಕೆಂದರೆ ನೀವು ಎರಡು ವರ್ಷ ಹಲ್ಲು ಕಚ್ಚಿದ್ದೀರಿ. ಬೆಂಕಿ ತಾಗಿದ ಕೈ ಒಲೆ ಕಂಡರೇ ಹಿಂದೆ ಸರಿಯುತ್ತದೆ. ನೋವುಂಡ ಸ್ನಾಯುಗಳೂ ಹಾಗೇ. ಯೋನಿಯ ಸುತ್ತ ಇರುವ ಸ್ನಾಯುಗಳು ಗಂಡ ಹತ್ತಿರ ಬಂದರೆ ಸಾಕು, ನಿಮ್ಮ ಇಷ್ಟವನ್ನು ಕೇಳದೆಯೇ ಬಿಗಿದುಕೊಳ್ಳುತ್ತವೆ. ಬಿಗಿದ ದಾರಿಯಲ್ಲಿ ನೋವು ಇನ್ನೂ ಹೆಚ್ಚು, ಮುಂದಿನ ಸಲ ಬಿಗಿಯೂ ಹೆಚ್ಚು. ಸಹಿಸಿಕೊಂಡ ಪ್ರತಿಸಲವೂ ಈ ಗಂಟು ಬಲಿಯುತ್ತದೆ. ಅದಕ್ಕೇ ನನ್ನ ಖಡಾಖಂಡಿತ ಸಲಹೆ: ಕನಿಷ್ಠ ಆರು ವಾರ ಒಳಸೇರುವುದನ್ನು ಇಬ್ಬರೂ ಒಪ್ಪಿ ಬದಿಗಿಡಿ. ಅಪ್ಪುಗೆ, ಮುತ್ತು, ಮೈ ಸವರುವುದು, ಕೈಯಿಂದ ಸುಖ ಕೊಡುವುದು ಇವೆಲ್ಲ ಇರಲಿ. ಇಲ್ಲಿಗೆ ನಿಲ್ಲುತ್ತದೆ ಎಂದು ಗೊತ್ತಿದ್ದಾಗ ಮೈ ಹೆದರುವುದನ್ನು ಬಿಡುತ್ತದೆ. ಆ ಹೊತ್ತಿನಲ್ಲಿ ಉಸಿರನ್ನು ನಿಧಾನವಾಗಿ ಬಿಡುತ್ತ, ಮೂತ್ರ ಬಿಡುವಾಗ ಸಡಿಲಿಸುವಂತೆ ಕೆಳಗಿನ ಸ್ನಾಯುಗಳನ್ನು ಸಡಿಲಿಸುವುದನ್ನು ಕಲಿಯಿರಿ. ಮೊಬೈಲಿನಲ್ಲಿ ನೋಡಿ ಬಿಗಿಹಿಡಿಯುವ ಕೀಗಲ್ ವ್ಯಾಯಾಮ ಶುರುಮಾಡಬೇಡಿ, ನಿಮಗೆ ಬೇಕಾದದ್ದು ಅದರ ವಿರುದ್ಧ. ಆಮೇಲೆ ಜೆಲ್ಲಿ ಹಚ್ಚಿದ ನಿಮ್ಮದೇ ಕಿರುಬೆರಳು, ಗೆಣ್ಣು ನೋಯುತ್ತಿದ್ದರೆ ಡೈಲೇಟರ್ ಎಂಬ, ದಾರಿ ಸಡಿಲಿಸಲು ಬಳಸುವ ತೆಳುವಾದ ನಯವಾದ ಕಡ್ಡಿ. ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ಇದನ್ನೇ ಕಲಿಸುವ ಫಿಸಿಯೋಥೆರಪಿಸ್ಟ್‌ಗಳಿದ್ದಾರೆ, ವಿಡಿಯೋ ಕರೆಯಲ್ಲೂ ಹೇಳಿಕೊಡುತ್ತಾರೆ. ಆರು ವಾರ ಸಾಲದಿದ್ದರೆ ಮೂರು ತಿಂಗಳಾಗಲಿ.

ಕೀಲುಗಳ ಮಾತು. ಬೆಳಿಗ್ಗೆ ಮೈ ಸೆಟೆದಿರುತ್ತದೆ, ರಾತ್ರಿ ದಣಿದಿರುತ್ತದೆ. ಈ ಕಾಯಿಲೆಯವರಿಗೆ ಹಗಲು ಹನ್ನೊಂದರಿಂದ ಮೂರರ ನಡುವಿನ ಹೊತ್ತೇ ಹಗುರ. ಅತ್ತೆ, ಮಾವ, ಮಗಳು ಇರುವ ಮನೆಯಲ್ಲಿ ಹಗಲು ಬಾಗಿಲು ಹಾಕಿಕೊಳ್ಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿದೆ. ಆಗದಿದ್ದರೆ ರಾತ್ರಿ ಬಿಸಿನೀರಿನ ಸ್ನಾನ ಮಾಡಿ, ಒಂದು ಗಂಟೆ ಮೊದಲು ಪ್ಯಾರಾಸಿಟಮಾಲ್ ನುಂಗಿ. ಮಣಿಕಟ್ಟಿನ ಮೇಲೆ ಭಾರ ಬೀಳದಂತೆ, ಇಬ್ಬರೂ ಒಂದೇ ಕಡೆಗೆ ಮುಖಮಾಡಿ ಪಕ್ಕಕ್ಕೆ ಮಲಗುವ ಭಂಗಿ ಹೆಚ್ಚಿನವರಿಗೆ ಸುಲಭ. ಮಂಡಿಗಳ ನಡುವೆ ದಿಂಬಿರಲಿ. ತೊಡೆ ಅಗಲಿಸಿದಾಗ ತೊಡೆಸಂದಿಯಲ್ಲಿ ನೋವು ಬಂದರೆ ಸೊಂಟದ ಕೀಲಿನ ಎಕ್ಸ್‌ರೇ ಮಾಡಿಸಿ.

ಇನ್ನು ಅತ್ತೆಯವರ ಮಾತು. ಅದು ಪೂರಾ ಸುಳ್ಳಲ್ಲ, ಅದೇ ತೊಡಕು. ಗರ್ಭಿಣಿಯಾದಾಗ ಕೀಲುವಾತ ತಗ್ಗುವುದನ್ನು ಅಮೆರಿಕದ ವೈದ್ಯ ಫಿಲಿಪ್ ಹೆಂಚ್ 1938ರಲ್ಲೇ ವಿವರಿಸಿದ್ದರು. ಮುಂದೆ 1950ರಲ್ಲಿ ಸ್ಟೀರಾಯ್ಡ್ ಕೆಲಸಕ್ಕೆ ನೊಬೆಲ್ ಹಂಚಿಕೊಂಡವರು ಅವರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಸಿರಿನಲ್ಲಿ ನೋವು ಇಳಿಯುತ್ತದೆ. ಆದರೆ ಹೆರಿಗೆಯಾದ ಕೆಲವೇ ತಿಂಗಳಲ್ಲಿ ಬಹಳ ಮಂದಿಗೆ ಮರಳಿ ಬರುತ್ತದೆ. ನಿಮಗೆ ರೋಗ ಕಾಣಿಸಿಕೊಂಡದ್ದೇ ಬಾಣಂತನದ ಬೆನ್ನಿಗೆ, ಅದನ್ನು ಅತ್ತೆಯವರಿಗೆ ನೆನಪಿಸಿ. ಮಗು ಔಷಧಿಯಲ್ಲ. ನಿಮಗೇ ಬೇಕೆನಿಸಿದರೆ ಖಂಡಿತ ಆಗಬಹುದು, ಆದರೆ ಯೋಜಿಸಿ. ಮೆಥೋಟ್ರೆಕ್ಸೇಟ್ ನಿಲ್ಲಿಸಿ ಸಾಮಾನ್ಯವಾಗಿ ಮೂರು ತಿಂಗಳು ಬಿಡುತ್ತೇವೆ. ಆ ಜಾಗಕ್ಕೆ ಸಲ್ಫಸಲಾಜಿನ್‌ನಂಥ, ಬಸಿರಿನಲ್ಲಿ ಸಲ್ಲುವ ಔಷಧಿ ಬರುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಬಸಿರಿನುದ್ದಕ್ಕೂ ಮುಂದುವರಿಯುತ್ತದೆ. ರೋಗ ಆರು ತಿಂಗಳು ಶಾಂತವಾಗಿದ್ದ ಮೇಲೆ ಪ್ರಯತ್ನಿಸುವುದು ಒಳ್ಳೆಯದು. ರಕ್ತದಲ್ಲಿ ಆಂಟಿ ರೋ ಇದ್ದರೆ ನೂರಕ್ಕೆ ಒಂದೆರಡು ಶಿಶುಗಳಿಗೆ ಹೃದಯದ ಬಡಿತ ನಿಧಾನವಾಗುವ ತೊಂದರೆ ಬರಬಹುದು, ಅದಕ್ಕೆ ಐದನೇ ತಿಂಗಳ ಹೊತ್ತಿಗೇ ಮಗುವಿನ ಹೃದಯದ ಸ್ಕ್ಯಾನ್ ಶುರುವಾಗಬೇಕು. ಆ ಪರೀಕ್ಷೆ ಈಗಲೇ ಮಾಡಿಸಿ ಎನ್ನುವುದಕ್ಕೆ ಇದೂ ಒಂದು ಕಾರಣ. ವಾತಕ್ಕೆಂದು ಊರಲ್ಲಿ ಮಾರುವ, ಹೆಸರಿಲ್ಲದ ಪುಡಿಗಳನ್ನು ಮಾತ್ರ ತೆಗೆದುಕೊಳ್ಳಬೇಡಿ. ಮೂರೇ ದಿನಕ್ಕೆ ನೋವು ಮಾಯವಾದರೆ ಒಳಗೆ ಸ್ಟೀರಾಯ್ಡ್ ಬೆರೆಸಿರಬಹುದು.

ಕೊನೆಗೆ ಒಂದು ಉಪಾಯ. ಕೀಲುರೋಗ ತಜ್ಞರ ಹೊರರೋಗಿ ವಿಭಾಗದಲ್ಲಿ ನಿಮಗೆ ಸಿಗುವುದು ಹತ್ತು ನಿಮಿಷ, ಪಕ್ಕದಲ್ಲಿ ನಾಲ್ಕು ಮಂದಿ ನಿಂತಿರುತ್ತಾರೆ. ಬಾಯಲ್ಲಿ ಹೇಳಲು ಆಗದಿದ್ದರೆ ಒಂದು ಚೀಟಿಯಲ್ಲಿ ಹೀಗೆ ಬರೆದು ರಕ್ತಪರೀಕ್ಷೆಯ ಹಾಳೆಗಳ ಮೇಲಿಟ್ಟು ಕೊಡಿ: "ಕಣ್ಣು, ಬಾಯಿ, ಯೋನಿ ಒಣಗಿವೆ. ಕೂಡುವಾಗ ನೋವು, ಎರಡು ಸಲ ರಕ್ತ. ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದೇನೆ, ಗರ್ಭನಿರೋಧಕ ಇಲ್ಲ." ಇದನ್ನು ಓದಿದ ಯಾವ ವೈದ್ಯರೂ ಹಾಗೇ ಮುಂದಿನವರನ್ನು ಕರೆಯಲಾರರು. ಆಂಟಿ ರೋ, ಪ್ಯಾಪ್ ಎರಡರ ವರದಿ ಬಂದ ಮೇಲೆ ನನಗೆ ಇನ್ನೊಮ್ಮೆ ಬರೆಯಿರಿ. ಯಾವ ವಂಕಿ, ಯಾವಾಗ ಎನ್ನುವುದನ್ನು ಆಗ ಮಾತಾಡೋಣ.